ಆಟಿಸಂ ಇರುವ ಮಗನಿಗೆ ಗೆಳೆಯರು ಎಲ್ಲಿ ಸಿಗ್ತಾರೆ? ನಿಮ್ಮ ಮನೆಯಲ್ಲಿ ಹೇಗಾಯಿತು?

ವಿಜಯನಗರದ_ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗನಿಗೆ ಎಂಟು ವರ್ಷ. ಮೂರು ತುಂಬುವ ಹೊತ್ತಿಗೆ ನಿಮ್ಹಾನ್ಸ್‌ನಲ್ಲಿ ಆಟಿಸಂ ಎಂದು ಹೇಳಿದರು. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಎಲ್ಲ ನಡೆದಿದೆ. ಈಗ ಚಿಕ್ಕ ಚಿಕ್ಕ ವಾಕ್ಯ ಮಾತಾಡುತ್ತಾನೆ, ಅರ್ಧ ಅವನದು, ಅರ್ಧ ಎಲ್ಲೋ ಕೇಳಿದ್ದು. ಓದು ಪರವಾಗಿಲ್ಲ. ಬಿಎಂಟಿಸಿ ಬಸ್ಸೆಂದರೆ ಪ್ರಾಣ. 335ಇ ಎಲ್ಲಿಗೆ ಹೋಗುತ್ತೆ, 500ಡಿ ಎಲ್ಲಿಂದ ಬರುತ್ತೆ, ಏರ್‌ಪೋರ್ಟ್ ಬಸ್ಸು ಯಾವುದು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾನೆ.

ನಾನು ಕೇಳುತ್ತಿರುವುದು ಥೆರಪಿ ಬಗ್ಗೆ ಅಲ್ಲ, ಗೆಳೆಯರ ಬಗ್ಗೆ. ಅವನಿಗೆ ಒಬ್ಬರೂ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವನ ವಯಸ್ಸಿನ ಮಕ್ಕಳು ಬೇಕಾದಷ್ಟಿದ್ದಾರೆ. ಹೋದ ತಿಂಗಳು ಮೂರನೇ ಫ್ಲೋರಿನ ಹುಡುಗನ ಬರ್ತ್‌ಡೇ ಇತ್ತು. ನಮ್ಮ ಮನೆ ಒಂದನ್ನು ಬಿಟ್ಟು ಮಕ್ಕಳಿರುವ ಮನೆಯವರನ್ನೆಲ್ಲ ಕರೆದಿದ್ದರು. ಆ ತಾಯಿ ಕೆಟ್ಟವರಲ್ಲ. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ಇವನ ತಲೆ ಸವರುತ್ತಾರೆ (ಇವನಿಗೆ ತಲೆ ಮುಟ್ಟಿದರೆ ಆಗಲ್ಲ, ಅದು ಬೇರೆ ವಿಷಯ). ಬಲೂನ್ ಒಡೆದರೆ ಇವನು ಕಿರುಚುತ್ತಾನೆ ಎಂದು ಕರೆದಿಲ್ಲವೇನೋ. ಇವನು ಏನೂ ಕೇಳಲಿಲ್ಲ. ಗೊತ್ತೇ ಆಗಿಲ್ಲ ಬಿಡು ಎಂದುಕೊಂಡೆವು. ಮಾರನೆಯ ದಿನ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ "ಹ್ಯಾಪಿ ಬರ್ತ್‌ಡೇ. ಕೇಕ್. ಥರ್ಡ್ ಫ್ಲೋರ್. ಶೂ ಹಾಕ್ಕೋ" ಎಂದ. ಶೂ ಹಾಕ್ಕೋ ಎನ್ನುವುದು ಹೊರಗೆ ಹೊರಡುವಾಗ ನಾನು ಹೇಳುವ ಮಾತು. ನಮ್ಮ ಮನೆಯವರು ಅರ್ಧ ಊಟಕ್ಕೇ ಎದ್ದು ಬಾಲ್ಕನಿಗೆ ಹೋದರು.

ಸ್ಕೂಲಿನಲ್ಲೂ ಅಷ್ಟೇ. ಪಿಕ್‌ನಿಕ್ ಬಂದರೆ "ಮೇಡಂ, ಆ ದಿನ ರಜಾ ಹಾಕಿಸಿಬಿಡಿ, ಅವನಿಗೂ ಕಷ್ಟ ಆಗುತ್ತೆ" ಎನ್ನುತ್ತಾರೆ. ಊರಿನಲ್ಲಿ ಮದುವೆ ಎಂದರೆ ವಾಲಗ ಶುರುವಾದ ಕೂಡಲೇ ನಾವಿಬ್ಬರೂ ಛತ್ರದ ಹೊರಗೆ, ಚಪ್ಪಲಿ ರಾಶಿಯ ಹತ್ತಿರ. ಧಾರೆ ನೋಡಿದ ನೆನಪೇ ಇಲ್ಲ ನನಗೆ.

ನಿಮ್ಮ ಮಕ್ಕಳಿಗೆ ಗೆಳೆತನ ಅಂತ ಆಯಿತಾ? ಹೇಗಾಯಿತು? ಇದು ಅವನ ಆಸೆಯೋ ನನ್ನ ಆಸೆಯೋ ಅನ್ನೋದೂ ಒಮ್ಮೊಮ್ಮೆ ತಿಳಿಯಲ್ಲ.

ಹಾಸನದ_ಅಪ್ಪ:

ಶೂ ಹಾಕ್ಕೋ ಎಂದನಲ್ಲ, ಆಸೆ ಅವನದೇ. ಅದರಲ್ಲಿ ಅನುಮಾನ ಬೇಡ ಮೇಡಂ.

ನನ್ನ ಮಗಳಿಗೆ ಹನ್ನೆರಡು. ನನ್ನ ಕಡೆಯಿಂದ ಒಂದು ಮಾತು, ಸ್ವಲ್ಪ ಒರಟು ಅನಿಸಬಹುದು. ಬರ್ತ್‌ಡೇ ಪಾರ್ಟಿಯ ಆಸೆ ಬಿಟ್ಟುಬಿಡಿ. ಅಲ್ಲಿ ಏನಿರುತ್ತೆ? ಸ್ಪೀಕರ್, ಬಲೂನು, ಒಂದು ಹಿಂಡು ಮಕ್ಕಳು ಒಟ್ಟಿಗೆ ಕಿರುಚುವುದು. ಅಲ್ಲಿ ಯಾರಿಗೂ ಯಾರ ಗೆಳೆತನವೂ ಆಗಲ್ಲ, ಕೇಕ್ ತಿಂದು ಬರ್ತಾರೆ ಅಷ್ಟೇ.

ಒಂದು ಮಗುವನ್ನು ಕರೆಯಿರಿ. ಒಂದೇ. ಒಂದು ಗಂಟೆ ಸಾಕು. ಏನು ಆಡುತ್ತಾರೆ ಎನ್ನುವುದನ್ನು ಮೊದಲೇ ಗೊತ್ತು ಮಾಡಿಟ್ಟಿರಿ. "ಇಬ್ಬರೂ ಆಡ್ಕೊಳ್ಳಿ" ಎಂದು ಬಿಟ್ಟರೆ ನಮ್ಮ ಮಕ್ಕಳಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಅಳಗುಳಿ ಮಣೆ. ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು, ನಮ್ಮಮ್ಮನ ಕಾಲದ್ದು. ಎರಡು ಸಾಲು, ಏಳೇಳು ಗುಳಿ, ಹುಣಸೆ ಬೀಜ. ನೀನೊಮ್ಮೆ ನಾನೊಮ್ಮೆ. ಮುಖ ನೋಡಬೇಕಾಗಿಲ್ಲ, ಮಣೆ ನೋಡಿದರೆ ಸಾಕು. ಮಾತಾಡದಿದ್ದರೂ ನಡೆಯುತ್ತೆ. ನಿಯಮ ದಿನಕ್ಕೊಂದು ಆಗಲ್ಲ, ಎಣಿಕೆ ಬೇಕು, ಎಣಿಕೆಯಲ್ಲಿ ನನ್ನ ಮಗಳು ಹುಷಾರು. ಎದುರುಮನೆಯ ಹುಡುಗಿ ಬಂದು ಕೂತಳು, ಸೋತಳು. ಇನ್ನೊಂದು ದಿನ ಮಗಳು ಸೋತಾಗ ಮಣೆಯನ್ನೇ ಎತ್ತಿ ಬಿಸಾಡಿದ್ದೂ ಆಯಿತು. ಆ ಹುಡುಗಿ ಬೀಜ ಆರಿಸಿಟ್ಟು ಮನೆಗೆ ಹೋದಳು, ಅಯ್ಯೋ ಮುಗೀತು ಅಂದುಕೊಂಡೆವು. ಮತ್ತೆ ಬಂದಳು. ಯಾಕೆ ಗೊತ್ತಾ? ನನ್ನ ಮಗಳನ್ನು ಸೋಲಿಸೋಕೆ. ಪಾಪ ಎಂದು ಬರುವ ಮಕ್ಕಳು ಒಂದೆರಡು ಸಲ ಬಂದು ನಿಲ್ಲಿಸುತ್ತಾರೆ. ಸೋಲಿಸಬೇಕು ಎಂದು ಬಂದವಳು ಇವತ್ತಿಗೂ ಬರುತ್ತಿದ್ದಾಳೆ.

ಇನ್ನೊಂದು. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿಬಿಡಿ. ಖುಷಿಯಾಗಿದ್ದಾರೆ ಇನ್ನೊಂದು ಸ್ವಲ್ಪ ಹೊತ್ತು ಎಂದು ಎಳೆದರೆ ಕೊನೆಗೆ ಅಳು, ಬಂದ ಮಗುವಿಗೆ ನೆನಪಿರುವುದೂ ಆ ಅಳುವೇ.

ಪಿಕ್‌ನಿಕ್ ವಿಷಯ ಮಾತ್ರ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಅದರ 16ನೇ ಸೆಕ್ಷನ್ ಓದಿ. ಸರ್ಕಾರದ ದುಡ್ಡು ಅಥವಾ ಮಾನ್ಯತೆ ಇರುವ ಶಾಲೆಗಳಲ್ಲಿ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆಟ, ಮನರಂಜನೆಯಲ್ಲೂ ಬೇರೆ ಮಕ್ಕಳ ಸಮಕ್ಕೆ ಅವಕಾಶ ಕೊಡಬೇಕು ಎಂದಿದೆ. ಜಗಳ ಬೇಡ. "ರಜಾ ಹಾಕಿಸಿ ಎಂದಿರಲ್ಲ, ಅದನ್ನೇ ಸ್ವಲ್ಪ ಬರೆದುಕೊಡಿ" ಎಂದು ಕೇಳಿ ನೋಡಿ. ಯಾರೂ ಬರೆದುಕೊಡಲ್ಲ. ಆಮೇಲೆ ಪಿಕ್‌ನಿಕ್‌ಗೆ ಜಾಗ ತಾನಾಗಿ ಆಗುತ್ತೆ.

ಶುಭಂ_ಭವತು:

ಅಮ್ಮಾ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಭಾವಮೈದುನ ಐದು ವರ್ಷದವರೆಗೆ ಮಾತೇ ಆಡಿರಲಿಲ್ಲ. ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು, ಈಗ ವಕೀಲ, ಬಾಯಿ ಮುಚ್ಚಿಸೋಕೆ ಆಗಲ್ಲ. ಈಗಿನ ಮಕ್ಕಳಿಗೆ ಮೊಬೈಲೇ ಕಾರಣ, ತಾಯಿಯಾದವಳು ಹತ್ತಿರ ಕೂತು ಮಾತಾಡಿಸಿದರೆ ಎಷ್ಟೋ ಸರಿಹೋಗುತ್ತೆ. ದಡಾರಕ್ಕೆಲ್ಲ ಹಾಕುವ ಎಂಎಂಆರ್ ಚುಚ್ಚುಮದ್ದು ಹಾಕಿಸಿದ್ದಿರಾ? ಅದರಿಂದಲೂ ಬರುತ್ತಂತೆ. ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಒಂದು ಬಂದಿದೆ, ಕೆಲವು ಲಕ್ಷ ಆಗುತ್ತೆ, ಪೂರ್ತಿ ಗುಣ ಆಗುತ್ತಂತೆ. ವಿಚಾರಿಸಿ. ದೇವರು ಒಳ್ಳೆಯದು ಮಾಡಲಿ.

ಸ್ಪೀಚ್_ಮೈಸೂರು:

ಶುಭಂ ಅವರೇ, ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ಇದನ್ನು ಓದುವ ಹೊಸ ಅಪ್ಪ ಅಮ್ಮಂದಿರು ಇರುತ್ತಾರೆ, ಅದಕ್ಕೇ ಉತ್ತರ ಬರೆಯಲೇಬೇಕು. ನಾನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು, ಇದೇ ಕೆಲಸ ಮಾಡುತ್ತೇನೆ.

ತಾಯಿ ಮಾತಾಡಿಸದೆ ಇರುವುದರಿಂದ ಆಟಿಸಂ ಬರಲ್ಲ. 1950, 60ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡವರೇ ಹೀಗೆ ಹೇಳಿ ಸಾವಿರಾರು ತಾಯಂದಿರನ್ನು ಅಳಿಸಿದರು, ಅದು ಸುಳ್ಳು ಎಂದು ಯಾವಾಗಲೋ ತೀರ್ಮಾನವಾಗಿದೆ. ಚುಚ್ಚುಮದ್ದಿನ ಕಥೆ ಹುಟ್ಟಿದ್ದು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಲೇಖನದಿಂದ, ಬರೀ 12 ಮಕ್ಕಳನ್ನು ನೋಡಿ ಬರೆದದ್ದು. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ತೆಗೆದುಕೊಂಡಿತು, ಬರೆದವರ ವೈದ್ಯ ನೋಂದಣಿಯೂ ಅದೇ ವರ್ಷ ರದ್ದಾಯಿತು. ಸ್ಟೆಮ್ ಸೆಲ್ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಒಪ್ಪಿಗೆ ಇರುವುದು ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಂಥವಕ್ಕೆ ಮಾತ್ರ, ಆಟಿಸಂಗೆ ಇಲ್ಲ. ಹೊಲ ಮಾರಿ ಹೋಗಿ ಬಂದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಜೆಗೆ ಖರ್ಚಿಲ್ಲ ಎನ್ನುವುದೊಂದೇ ಸಮಾಧಾನ, ಆದರೆ ಬಜೆ ತೇಯುತ್ತಾ ಎರಡು ವರ್ಷ ಕಾದರೆ ಆ ಎರಡು ವರ್ಷ ಮತ್ತೆ ಬರಲ್ಲ.

ಈಗ ವಿಜಯನಗರದ ಅಮ್ಮನ ವಿಷಯ. ಕೇಳಿದ ಮಾತನ್ನೇ ತಿರುಗಿ ಹೇಳುವುದನ್ನು ಎಷ್ಟೋ ಜನ ಗಿಣಿಪಾಠ ಎಂದು ತಳ್ಳಿಹಾಕುತ್ತಾರೆ. ನಿಮ್ಮ ಮಗ ಹೇಳಿದ್ದು ನೋಡಿ, ಯಾವ ಘಟನೆ, ಏನು ಸಿಗುತ್ತಿತ್ತು, ಎಲ್ಲಿ, ತಾನು ಏನು ಮಾಡಬೇಕಿತ್ತು, ನಾಲ್ಕೂ ಅದರಲ್ಲಿದೆ. ಅವನಿಗೆ ವಾಕ್ಯ ಕಟ್ಟಲು ಬರದಿದ್ದರೂ ವಿಷಯ ಪೂರ್ತಿ ಗೊತ್ತಿದೆ. ಇದನ್ನು ಬರೀ ನಿಮಗಲ್ಲ, ಅವನ ಜೊತೆಯ ಮಕ್ಕಳಿಗೂ ಯಾರಾದರೂ ಹೇಳಿಕೊಡಬೇಕು. ನಾವು ಥೆರಪಿಯವರು ಎಲ್ಲ ಪಾಠವನ್ನೂ ಆಟಿಸಂ ಇರುವ ಮಗುವಿಗೇ ಮಾಡುತ್ತೇವೆ, ನಮಸ್ತೆ ಹೇಳು, ನಿನ್ನ ಸರದಿ ಬರಲಿ, ಮುಖ ನೋಡು. ಆ ಕಡೆಯವರಿಗೆ ಏನೂ ಪಾಠ ಇಲ್ಲ. ಇಂಗ್ಲೆಂಡಿನ ಸಂಶೋಧಕ ಡೇಮಿಯನ್ ಮಿಲ್ಟನ್, ಅವರಿಗೂ ಆಟಿಸಂ ಇದೆ, 2012ರಲ್ಲೇ ಇದನ್ನು ಎತ್ತಿ ಬರೆದರು. ಅರ್ಥವಾಗದೆ ಇರುವುದು ಎರಡೂ ಕಡೆಯ ತೊಂದರೆ, ಒಬ್ಬರ ತಲೆಗೇ ಕಟ್ಟಬೇಡಿ ಎಂದು. 2020ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿಯೇ ನೋಡಿದರು. ಒಬ್ಬರಿಗೆ ಕಥೆ ಹೇಳುವುದು, ಅವರು ಮುಂದಿನವರಿಗೆ ಹೇಳುವುದು, ಹೀಗೆ ಎಂಟು ಜನರ ಸಾಲು. ಎಲ್ಲರೂ ಆಟಿಸಂ ಇರುವವರಾದ ಸಾಲಿನಲ್ಲಿ ಕಥೆ, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಹೆಚ್ಚು ಸೋರಿಹೋಗಿದ್ದು ಎರಡೂ ಬಗೆಯವರನ್ನು ಬೆರೆಸಿದ ಸಾಲಿನಲ್ಲಿ.

ಅದಕ್ಕೇ ಹೇಳುವುದು, ಆಟಿಸಂ ಇರುವ ಇನ್ನೊಂದು ಮಗುವಿನ ಗೆಳೆತನವನ್ನೂ ಕಡಿಮೆ ಎಂದುಕೊಳ್ಳಬೇಡಿ. "ನಾರ್ಮಲ್ ಮಕ್ಕಳ ಜೊತೆಗೇ ಸೇರಿಸಬೇಕು" ಎಂದು ಹಟ ಹಿಡಿಯುವ ಅಪ್ಪ ಅಮ್ಮ ಜಾಸ್ತಿ.

ಸ್ಕೋರರ್_ಹುಬ್ಬಳ್ಳಿ:

ನನಗೆ ಆಟಿಸಂ ಇದೆ. ವಯಸ್ಸು 28. ಅಕೌಂಟ್ಸ್ ಕೆಲಸ. ಗೊತ್ತಾಗಿದ್ದು ಕಾಲೇಜು ಮುಗಿದ ಮೇಲೆ. ಅಲ್ಲಿಯವರೆಗೆ ಸೊಕ್ಕು ಎಂದೇ ಹೇಳುತ್ತಿದ್ದರು.

ಅಪ್ಪ ಅಮ್ಮಂದಿರಿಗೆ ಎರಡು ಮಾತು. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಮಕ್ಕಳ ಗದ್ದ ಹಿಡಿದು ತಿರುಗಿಸಬೇಡಿ. ನಾನು ಕಣ್ಣು ನೋಡಿದರೆ ಕಿವಿ ಕೇಳಿಸಲ್ಲ, ಕಿವಿ ಕೇಳಿಸಬೇಕೆಂದರೆ ಕಣ್ಣು ಬೇರೆ ಕಡೆ ಇರಬೇಕು. ಎರಡನೆಯದು, "ಹೋಗು, ಎಲ್ಲರ ಜೊತೆ ಸೇರು." ಎಲ್ಲರ ಜೊತೆ ಸೇರುವುದು ಹೇಗೆ ಎಂದು ಯಾರೂ ಹೇಳಲ್ಲ. ಸಂಜೆ ಬಾಗಿಲು ಹಾಕಿ ಹೊರಗೆ ಕಳಿಸುತ್ತಿದ್ದರು, ನಾನು ಗೇಟಿನ ಹತ್ತಿರ ಸ್ಕೂಟರುಗಳ ನಂಬರ್ ಕೂಡಿಸುತ್ತಾ ನಿಲ್ಲುತ್ತಿದ್ದೆ.

ನನಗೆ ಗೆಳೆಯರಾದದ್ದು ಕ್ರಿಕೆಟ್ಟಿನಿಂದ. ಆಡಿ ಅಲ್ಲ. ನನಗೆ ಬಾಲ್ ಹಿಡಿಯಲು ಬರಲ್ಲ. ನೆಹರೂ ಮೈದಾನದಲ್ಲಿ ಓಣಿ ಹುಡುಗರು ಆಡುವಾಗ ರನ್ನಿನ ಲೆಕ್ಕಕ್ಕೆ ದಿನಾ ಜಗಳ. ನಾನು ಸುಮ್ನೆ ಕೂತಲ್ಲೇ ಎಲ್ಲ ಬಾಲ್ ಲೆಕ್ಕ ಇಟ್ಟಿದ್ದೆ. ಒಂದು ದಿನ ಹೇಳಿದೆ. ಆಮೇಲೆ ಓವರ್ ಮುಗಿದಾಗೆಲ್ಲ "ಎಷ್ಟಾತಪಾ?" ಎಂದು ನನ್ನನ್ನೇ ಕೇಳುವುದು ಶುರುವಾಯಿತು. ನಾನು ಹೋಗದ ದಿನ ಮನೆಗೆ ಬಂದು ಕರೆದರು. ಕರೆಯಲು ಬಂದದ್ದು ನಮ್ಮಮ್ಮ ಹೇಳಿದ್ದಕ್ಕಲ್ಲ, ಅವರಿಗೆ ಸ್ಕೋರರ್ ಬೇಕಿತ್ತು. ಅವರಲ್ಲಿ ಇಬ್ಬರು ಈಗಲೂ ಗೆಳೆಯರು. ತಿಂಗಳಿಗೊಮ್ಮೆ ಗಿರಮಿಟ್ ತಿನ್ನುತ್ತೇವೆ, ಮಾತು ಕಡಿಮೆ. ನನಗೆ ಅಷ್ಟು ಸಾಕು. ಜಾಸ್ತಿ ಆದರೆ ಎರಡು ದಿನ ತಲೆ ನೋವು.

ಬಸ್ ನಂಬರ್ ಗೊತ್ತಿರುವುದನ್ನು ದಯವಿಟ್ಟು ಕಡಿಮೆ ಮಾಡಿಸಬೇಡಿ. ಕೆಲವು ಕಡೆ ಅದನ್ನು ಬಿಡಿಸುವುದೇ ಥೆರಪಿ ಎನ್ನುತ್ತಾರೆ.

ಇಬ್ಬರ_ತಾಯಿ_ಮಂಗಳೂರು:

ನಾನು ಆ ಕಡೆಯವಳು, ಅಂದರೆ ನನ್ನ ಮಕ್ಕಳಿಗೆ ಆಟಿಸಂ ಇಲ್ಲ. ಬೈಯಬೇಡಿ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದೇನೆ. ಮಗಳ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಟೀಚರ್ ಇವಳನ್ನೇ ಅವನ ಪಕ್ಕ ಕೂರಿಸುತ್ತಾರೆ, ಇವಳು ಸಾಧು ಎಂದು. ಅವನು ಕೈ ಕಚ್ಚಿದ್ದಾನೆ, ಗುರುತು ಉಳಿದಿತ್ತು. ಇವಳಿಗೆ ಈಗ ಶಾಲೆಗೆ ಹೋಗಲು ಭಯ. ಜಾಗ ಬದಲಾಯಿಸಿ ಎಂದು ಕೇಳಿದರೆ ನಾನು ಕೆಟ್ಟವಳಾಗುತ್ತೇನೆ. ಅವನ ಅಮ್ಮನ ಮುಖ ನೋಡಲೂ ಆಗಲ್ಲ. ನಾನು ಮಗಳಿಗೆ ಏನು ಹೇಳಬೇಕು?

ಹಾಸನದ_ಅಪ್ಪ:

ಜಾಗ ಬದಲಾಯಿಸಿ ಎಂದು ಕೇಳಿ. ಇದರಲ್ಲಿ ಕೆಟ್ಟದ್ದೇನಿದೆ? ಚಿಕ್ಕ ಹುಡುಗಿಯನ್ನು ಆಯಾ ಮಾಡಿ ಕೂರಿಸುವುದು ಗೆಳೆತನ ಅಲ್ಲ, ಟೀಚರ್ ಕೆಲಸ ಹಗುರ ಮಾಡಿಕೊಂಡಿದ್ದಾರೆ ಅಷ್ಟೇ. ಸಾಧು ಹೆಣ್ಣುಮಕ್ಕಳ ಪಕ್ಕಕ್ಕೇ ಯಾಕೆ ಯಾವಾಗಲೂ? ನನಗೆ ಇದು ಕಂಡರೆ ಸಿಟ್ಟು.

ಸ್ಪೀಚ್_ಮೈಸೂರು:

ಅಪ್ಪನ ಮಾತು ಸರಿ. ಜೊತೆಗೆ ಟೀಚರ್ ಹತ್ತಿರ ಇನ್ನೊಂದು ಕೇಳಿ. ಕಚ್ಚುವ ಮೊದಲು ಏನಾಗಿತ್ತು? ಬೆಲ್ ಹೊಡೆದಿತ್ತಾ, ಅವನ ಪೆನ್ಸಿಲ್ ಡಬ್ಬಿ ಯಾರಾದರೂ ತೆಗೆದರಾ, ಎಲ್ಲರೂ ಒಟ್ಟಿಗೆ ಎದ್ದರಾ? ಕಾರಣ ಇದ್ದೇ ಇರುತ್ತೆ, ಬಹಳ ಸಲ ಸದ್ದು. ಮಗಳಿಗೆ ನೇರವಾಗಿ ಹೇಳಿ. ಅವನಿಗೆ ಆಟಿಸಂ ಇದೆ, ಸದ್ದು ಜಾಸ್ತಿಯಾದರೆ ಅವನಿಗೆ ನೋವಾಗುತ್ತೆ, ಆಗ ನೀನು ದೂರ ನಿಲ್ಲು, ಟೀಚರನ್ನು ಕರಿ. ಅವನು ಕಚ್ಚಿದ್ದು ತಪ್ಪು, ನಿನಗೆ ನೋವಾಗಿದ್ದೂ ನಿಜ. ಪಾಪ ಅನ್ನು, ಸಹಿಸಿಕೋ ಎಂದು ಮಾತ್ರ ಹೇಳಬೇಡಿ. ಮಕ್ಕಳು ಪಾಪ ಎನ್ನುವುದನ್ನು ಕಲಿತರೆ ಅಲ್ಲಿಗೇ ಮುಗಿಯಿತು, ಮುಂದೆ ಯಾವತ್ತೂ ಸಮ ಎಂದು ನೋಡಲ್ಲ.

ಅವನ ಅಮ್ಮನನ್ನು ಮಾತಾಡಿಸಿ. ಆ ಕಚ್ಚಿದ ಗುರುತಿನ ಬಗ್ಗೆಯೇ ಮಾತಾಡಿ, ಪರವಾಗಿಲ್ಲ. ಯಾರೂ ಮಾತಾಡಿಸದೆ ಇರುವುದೇ ಅವರಿಗೆ ಜಾಸ್ತಿ ಕಷ್ಟ.

ಎಲೆಮರೆ_ಮೇಷ್ಟ್ರು:

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು ನಾನು. ನೀವೆಲ್ಲ ಬೆಂಗಳೂರು, ಮೈಸೂರು ಥೆರಪಿ ಬಗ್ಗೆ ಬರೆಯುತ್ತೀರಿ, ನಮ್ಮಲ್ಲಿ ಬೇರೆಯದೇ ಕಥೆ. ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡ ಮಕ್ಕಳನ್ನು ನೋಡಿ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಹೋಗಲ್ಲ. ತಾಲ್ಲೂಕಿಗೆ ಇಂಥ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇದ್ದಾರೆ, ಒಳ್ಳೆಯವರು, ಆದರೆ ಅವರಿಗೆ ಎಷ್ಟು ಶಾಲೆ! ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ) ಕಾರ್ಯಕರ್ತರನ್ನು ಹಿಡಿದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಕೆಲಸ ಆಗುತ್ತದೆ, ಇದು ಹಳ್ಳಿಯವರು ಯಾರಾದರೂ ಓದುತ್ತಿದ್ದರೆ ಎಂದು ಬರೆದೆ.

ನನ್ನ ನಾಲ್ಕನೇ ಕ್ಲಾಸಿನಲ್ಲಿ ಅಂಥ ಹುಡುಗ ಒಬ್ಬ. ಮಾತಿಲ್ಲ. ಮೊದಲು ಕ್ಲಾಸಿನ ಒಳಗೇ ಬರುತ್ತಿರಲಿಲ್ಲ, ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದ. ನಮ್ಮ ಕಡೆ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದದ್ದು 2021ರ ಡಿಸೆಂಬರಿನಲ್ಲಿ. ಇವನು ಬಿಳಿ ಭಾಗ ತಿಂದು ಹಳದಿ ಗುಂಡನ್ನು ತಟ್ಟೆಯ ಅಂಚಿಗೆ ಇಡುತ್ತಾನೆ, ಹಳದಿ ಬಾಯಿಗೆ ಇಟ್ಟರೆ ಉಗುಳುತ್ತಾನೆ. ಪಕ್ಕದಲ್ಲಿ ಕೂರುವ ಇನ್ನೊಬ್ಬನಿಗೆ ಹಳದಿ ಎಂದರೆ ಜೀವ, ಬಿಳಿ ಬೇಡ. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ, ಇಬ್ಬರೂ ಅದಲುಬದಲು ಮಾಡಿಕೊಂಡು ತಿನ್ನಲು ಶುರು ಮಾಡಿದರು. ಈಗ ಇವನು ಕ್ಲಾಸಿನಲ್ಲೂ ಆ ಹುಡುಗನ ಪಕ್ಕವೇ ಕೂರುತ್ತಾನೆ. ಆ ಹುಡುಗ ರಜಾ ಹಾಕಿದರೆ ಇವನು ಮತ್ತೆ ಮರದ ಕೆಳಗೆ. ನಾನು ಟ್ರೈನಿಂಗಿನಲ್ಲಿ ಕಲಿತದ್ದು ಏನೂ ಇದರಲ್ಲಿಲ್ಲ.

ಹಳ್ಳಿ ಎಂದರೆ ಎಲ್ಲ ಸೊಗಸು ಎಂದುಕೊಳ್ಳಬೇಡಿ. ಮಕ್ಕಳು ಜೊತೆಗೆ ಕರೆದುಕೊಂಡು ತಿರುಗುತ್ತಾರೆ, ಅದು ಹೌದು, ಅಡ್ಡಹೆಸರನ್ನೂ ಇಡುತ್ತಾರೆ. ಹೊಲಕ್ಕೆ ಹೋಗುವಾಗ ಮಗುವನ್ನು ಮನೆಯೊಳಗೆ ಕೂಡಿ ಚಿಲಕ ಹಾಕಿ ಹೋಗುವವರೂ ಇದ್ದಾರೆ. ಬೈದರೆ "ಬಾವಿಗೆ ಬಿದ್ದರೆ ನೀವು ಬರ್ತೀರೇನ್ರೀ ಸರ" ಎಂದು ಕೇಳುತ್ತಾರೆ, ಉತ್ತರ ಇಲ್ಲ.

ನ್ಯೂಜೆರ್ಸಿ_ಕನ್ನಡತಿ:

ಇಲ್ಲಿ ಸೌಲಭ್ಯ ಇದೆ, ಸುಳ್ಳು ಹೇಳಲ್ಲ. ಶಾಲೆಯೇ ಇಂಥ ಮಕ್ಕಳಿಗೆ ಲಿಖಿತ ಯೋಜನೆ ಮಾಡಿ, ಸ್ಪೀಚ್ ಥೆರಪಿ ಶಾಲೆಯಲ್ಲೇ ಕೊಡುತ್ತದೆ. ಆದರೆ ಯೋಜನೆಯಲ್ಲಿ ಗೆಳೆಯ ಎಂದು ಬರೆದರೆ ಗೆಳೆಯ ಬರಲ್ಲ, ಆ ಕಥೆ ಅಲ್ಲೂ ಇಲ್ಲೂ ಒಂದೇ. ಕನ್ನಡ ಕೂಟದ ಯುಗಾದಿಗೆ ಹೋದರೆ ಮೈಕಿನ ಸದ್ದಿಗೆ ನಾವು ಪಾರ್ಕಿಂಗ್ ಲಾಟಿನಲ್ಲಿ, ನಿಮ್ಮ ಚಪ್ಪಲಿ ರಾಶಿಯ ಥರ.

ಒಂದು ವಿಷಯ ಹೇಳಬೇಕು. ಶುರುವಿನಲ್ಲಿ ಒಬ್ಬ ಥೆರಪಿಸ್ಟ್ "ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಎರಡು ಭಾಷೆ ಗೊಂದಲ" ಎಂದರು. ನಮ್ಮ ಅತ್ತೆ ಕೇಳಲೇ ಇಲ್ಲ. ಅವರಿಗೆ ಇಂಗ್ಲಿಷ್ ಬರಲ್ಲ, ಬಂದರೂ ಕೇಳುತ್ತಿರಲಿಲ್ಲ. ಮೈಸೂರಿನಿಂದ ದಿನಾ ವಿಡಿಯೊ ಕಾಲ್, ದಿನಾ ಅದೇ ಮಾತು. ತಿಂಡಿ ಏನು, ಸಾರು ಏನು, ಹೊರಗೆ ಮಳೆಯಾ ಬಿಸಿಲಾ. ಬೇರೆಯವರಿಗೆ ಬೋರು, ಮಗನಿಗೆ ಅದೇ ಬೇಕು. ದಿನದಲ್ಲಿ ಅವನು ತಾನಾಗಿ ಶುರು ಮಾಡುವ ಮಾತುಕತೆ ಅದೊಂದೇ, "ಅಜ್ಜಿ, ಸಾರು ಏನು?" ಗೆಳೆಯರು ಅಂದರೆ ಅದೇ ವಯಸ್ಸಿನವರು ಆಗಬೇಕು ಅಂತ ಯಾರು ಹೇಳಿದ್ದು, ಅಲ್ವಾ?

ಸ್ಪೀಚ್_ಮೈಸೂರು:

ನಿಮ್ಮ ಅತ್ತೆಗೆ ನನ್ನ ನಮಸ್ಕಾರ. ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಿಲ್ಲ ಎಂದೇ ಅಧ್ಯಯನಗಳು ಹೇಳುತ್ತವೆ. ಮನೆಭಾಷೆ ಬಿಟ್ಟರೆ ಅಜ್ಜಿ, ಅತ್ತಿಗೆ, ಪಕ್ಕದ ಮನೆಯವರು ಎಲ್ಲರೂ ಕೈ ತಪ್ಪಿ ಹೋಗುತ್ತಾರೆ.

ತುಂಗೆಯ_ದಡ:

ಎಲ್ಲರದೂ ಓದಿದೆ. ನನ್ನ ಮಗನಿಗೆ ಹದಿನೇಳು. ಮಾತು ತುಂಬಾ ಕಡಿಮೆ. ಚಿಕ್ಕವನಿದ್ದಾಗ ಮುದ್ದು ಎಂದು ಎತ್ತಿಕೊಳ್ಳುತ್ತಿದ್ದವರೇ ಈಗ ಮೀಸೆ ಬಂದ ಮೇಲೆ ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದು ಹೋಗುತ್ತಾರೆ. ಕೈ ಆಡಿಸುತ್ತಾ ನಿಂತರೆ ಪೊಲೀಸಿನವರು ಕುಡಿದಿದ್ದಾನಾ ಎಂದು ಕೇಳಿದ್ದಾರೆ. ನಿಮ್ಮ ಮಕ್ಕಳು ಎಂಟು, ಹನ್ನೆರಡು. ಗೆಳೆತನದ ಕೆಲಸ ಈಗಲೇ ಮಾಡಿಕೊಳ್ಳಿ, ಆಮೇಲೆ ಜನಕ್ಕೆ ಭಯ ಶುರುವಾಗುತ್ತದೆ.

ನನಗೆ ಈಗ ರಾತ್ರಿ ನಿದ್ದೆ ಬಾರದೆ ಇರುವುದು ಬೇರೆ ವಿಷಯಕ್ಕೆ. ಹದಿನೆಂಟು ತುಂಬಿದರೆ ಕಾನೂನಿನ ಪ್ರಕಾರ ಅವನು ದೊಡ್ಡವನು, ಬ್ಯಾಂಕಿನಲ್ಲಿ ನನ್ನ ಸಹಿ ನಡೆಯಲ್ಲ. ಆಟಿಸಂ ಮುಂತಾದವು ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ತೆಗೆದುಕೊಳ್ಳಬೇಕು, ಅದಕ್ಕೆ ಓಡಾಡುತ್ತಿದ್ದೇನೆ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಇದೆ, ಥೆರಪಿಗೂ ಸ್ವಲ್ಪ ಸಿಗುತ್ತದೆ, ಮಾಡಿಸದಿದ್ದವರು ಮಾಡಿಸಿ. ಪಾಲಕರು ಯಾರು ಎನ್ನುವ ಕಾಲಂನಲ್ಲಿ ನನ್ನ ಹೆಸರು ಬರೆಯುತ್ತೇನೆ. ನನ್ನ ನಂತರ ಯಾರು? ಮಗಳ ಹೆಸರು ಬರೆ ಎಂದು ಎಲ್ಲರೂ ಹೇಳುತ್ತಾರೆ. ಅವಳಿಗೆ ಹದಿನಾಲ್ಕು. ಅವಳನ್ನು ಯಾರೂ ಕೇಳಲ್ಲ. ನಾನು ಬರೆಯಲ್ಲ ಸದ್ಯಕ್ಕೆ.

ಗೆಳೆಯರು ಇದ್ದಾರಾ ಎಂದರೆ, ಹಾಲಿನ ಡೈರಿಯವರು ಇದ್ದಾರೆ. ಬೆಳಗ್ಗೆ ಇವನೇ ಹೋಗಿ ಹಾಲು ತರುತ್ತಾನೆ, ಅವರು ಕ್ರೇಟು ಜೋಡಿಸಲು ಬಿಡುತ್ತಾರೆ. ಒಂದು ದಿನ ತಡವಾದರೆ ಫೋನ್ ಮಾಡುತ್ತಾರೆ, ಹುಡುಗ ಬರಲಿಲ್ಲವಲ್ಲಮ್ಮಾ ಎಂದು. ನನ್ನ ಲೆಕ್ಕದಲ್ಲಿ ಅದು ಗೆಳೆತನ.

ವಿಜಯನಗರದ_ಅಮ್ಮ:

ಇಷ್ಟು ಜನ ಬರೆದಿರಿ. ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ತುಂಗೆಯ ದಡದ ಅಕ್ಕಾ, ನಿಮಗೆ ಬೇರೆಯಾಗಿ ಬರೆಯುತ್ತೇನೆ.

ಏನಾಯಿತು ಹೇಳುತ್ತೇನೆ. ನಮ್ಮ ವಾಚ್‌ಮನ್ ಯಾದಗಿರಿ ಕಡೆಯವರು. ಅವರ ಮಗನಿಗೆ ಹತ್ತು ವರ್ಷ. ಅವನ ಸೋದರಮಾವ ಕಲ್ಯಾಣ ಕರ್ನಾಟಕ ಸಾರಿಗೆಯಲ್ಲಿ ಕಂಡಕ್ಟರ್ ಅಂತೆ, ಹುಡುಗನಿಗೆ ಬಸ್ಸಿನ ಹುಚ್ಚು. ಇದು ನನಗೆ ಗೊತ್ತೇ ಇರಲಿಲ್ಲ, ಗೇಟಿನಲ್ಲಿ ಇವನು ನಂಬರ್ ಹೇಳುವಾಗ ಆ ಹುಡುಗ "ಏ, ಅದು ಮೆಜೆಸ್ಟಿಕ್ ಹೋಗಲ್ಲಲೇ" ಎಂದು ಜಗಳಕ್ಕೆ ಬಂದ. ಇವನು ತಿರುಗಿ ನೋಡಿದ. ಯಾರೂ ಇವನ ಜೊತೆ ಬಸ್ ನಂಬರಿಗೆ ಜಗಳ ಆಡಿರಲಿಲ್ಲ, ಎಲ್ಲರೂ ವೆರಿ ಗುಡ್ ಎಂದು ಹೋಗುತ್ತಾರೆ.

ಭಾನುವಾರ ಇಬ್ಬರನ್ನೂ ಕರೆದುಕೊಂಡು ವಿಜಯನಗರ ಬಸ್ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಹೋಗಿ ಬಂದೆ. ನನಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಹುಡುಗರಿಗೆ ಅರ್ಧ ಟಿಕೆಟ್. ಹೋಗುವಾಗ ಪಕ್ಕ ಪಕ್ಕ ಕೂರಲಿಲ್ಲ, ಇಬ್ಬರಿಗೂ ಕಿಟಕಿಯೇ ಬೇಕು, ಹಿಂದೆ ಮುಂದೆ ಕೂತರು. ಮೆಜೆಸ್ಟಿಕ್‌ನಲ್ಲಿ ಹಾರ್ನ್ ಸದ್ದಿಗೆ ಇವನು ಕಿವಿ ಮುಚ್ಚಿ ಕೂತುಬಿಟ್ಟ, ಆ ಹುಡುಗ ಸುಮ್ಮನೆ ಪಕ್ಕದಲ್ಲಿ ನಿಂತು ಬರುವ ಬಸ್ಸುಗಳ ನಂಬರ್ ಓದುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಹುಡುಗನಿಗೆ ನಮ್ಮ ಪ್ಲೇ ಏರಿಯಾದಲ್ಲಿ ಆಡಲು ಬಿಡಲ್ಲ, ಮನೆ ಓನರ್‌ಗಳ ಮಕ್ಕಳಿಗೆ ಮಾತ್ರ ಎಂದು ಬೋರ್ಡ್ ಇದೆ. ಆ ಬೋರ್ಡನ್ನು ನಾನು ದಿನಾ ನೋಡುತ್ತಿದ್ದೆ. ಈಗ ಅಸೋಸಿಯೇಷನ್ ಮೀಟಿಂಗಿಗೆ ಬರೆದುಕೊಟ್ಟಿದ್ದೇನೆ.

ಹಾಸನದ_ಅಪ್ಪ:

ಬಹಳ ಖುಷಿಯಾಯಿತು. ಒಂದು ಅಡ್ಡ ಪ್ರಶ್ನೆ ಕೇಳಲೇಬೇಕು, ತಪ್ಪು ತಿಳಿಯಬೇಡಿ. ಅವರಪ್ಪ ನಿಮ್ಮ ಗೇಟಿನಲ್ಲಿ ಕೆಲಸ ಮಾಡುವವರು. ಮೇಡಂ ಕರೆದರೆ ಇಲ್ಲ ಎನ್ನಲು ಅವರಿಗೆ ಆಗುತ್ತಾ? ಆ ಹುಡುಗನಿಗೆ ಆಗುತ್ತಾ? ಮಂಗಳೂರಿನ ಹುಡುಗಿಗೆ ಹೇಳಿದ ಮಾತು ಇವನಿಗೂ ಸೇರುತ್ತೆ. ದುಡ್ಡು, ಹಳೆ ಬಟ್ಟೆ ಏನೂ ಇದರ ಜೊತೆ ಸೇರಿಸಬೇಡಿ.

ವಿಜಯನಗರದ_ಅಮ್ಮ:

ಈ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು. ಆ ಹುಡುಗನ ತಾಯಿಯನ್ನೇ ಕೇಳಿದೆ, "ಅವ್ನಿಗೆ ಮನಸ್ಸಿದ್ರ ಬರ್ತಾನ್ರೀ, ಇಲ್ಲಂದ್ರ ಎಳದ್ರೂ ಬರಂಗಿಲ್ಲ" ಎಂದರು. ನಿಜವೇ ಆಯಿತು. ಈ ಭಾನುವಾರ ಇವನು ಬೆಳಗ್ಗೆಯೇ ಶೂ ಹಾಕಿಕೊಂಡು ಗೇಟಿಗೆ ಹೋದರೆ ಆ ಹುಡುಗ ಬರಲ್ಲ ಎಂದ. ಹಿಂದಿನ ಖಾಲಿ ಸೈಟಿನಲ್ಲಿ ಕ್ರಿಕೆಟ್ ಮ್ಯಾಚ್ ಇದೆಯಂತೆ. ಇವನು ನೆಲಕ್ಕೆ ಬಿದ್ದು ಅತ್ತ, ಮಧ್ಯಾಹ್ನದವರೆಗೆ. ನನಗೆ ಕಷ್ಟವಾಯಿತು, ಒಂದು ಕಡೆ ಸಮಾಧಾನವೂ ಆಯಿತು. ಅವನಿಗೆ ಇಲ್ಲ ಎನ್ನಲು ಬರುತ್ತೆ.

ಸ್ಕೋರರ್_ಹುಬ್ಬಳ್ಳಿ:

ಮ್ಯಾಚ್ ಇದ್ದರೆ ಸ್ಕೋರ್ ಬರೆಯುವವರು ಬೇಕು. ನಿಮ್ಮ ಮಗನಿಗೆ ನಂಬರ್ ಇಷ್ಟ. ಮಕ್ಕಳಿಗೆ ಆಗುವಂಥ ಸ್ಕೋರ್ ಹಾಳೆ ನನ್ನ ಹತ್ತಿರ ಇದೆ, ಕಳಿಸಲಾ?

ವಿಜಯನಗರದ_ಅಮ್ಮ:

ಕಳಿಸಿ. ಅವನಿಗೆ ಕ್ರಿಕೆಟ್ ಏನೂ ಗೊತ್ತಿಲ್ಲ, ನನಗೂ ಅಷ್ಟಕ್ಕಷ್ಟೇ.

ಸ್ಕೋರರ್_ಹುಬ್ಬಳ್ಳಿ:

ಕಳಿಸಿದ್ದೇನೆ. ಮೊದಲು ರನ್ ಮಾತ್ರ ಬರೆಸಿ. ಒಂದು ಬಾಲಿಗೆ ಒಂದು ಚೌಕ, ರನ್ ಇಲ್ಲದಿದ್ದರೆ ಚುಕ್ಕೆ. ವೈಡ್, ನೋಬಾಲ್ ಈಗಲೇ ಹೇಳಿಕೊಡಬೇಡಿ, ಓವರಿನಲ್ಲಿ ಆರಕ್ಕಿಂತ ಜಾಸ್ತಿ ಬಾಲ್ ಬಂದರೆ ಅವನಿಗೆ ಸಿಟ್ಟು ಬರುತ್ತೆ, ನನಗೆ ಈಗಲೂ ಬರುತ್ತೆ. ಕೂರಲು ಬೌಂಡರಿ ಹತ್ತಿರ ಗೋಡೆಗೆ ಬೆನ್ನು ಇರುವ ಜಾಗ ನೋಡಿ. ಪೆನ್ಸಿಲ್ ಎರಡು ಕೊಟ್ಟಿರಿ. ಸ್ಕೋರ್ ಏನು ಎಂದು ನೀವು ಕೇಳಬೇಡಿ, ಹುಡುಗರೇ ಬಂದು ಕೇಳಲಿ.